ಬೂಟು ಬಿಚ್ಚೋ ಅಷ್ಟರಲ್ಲಿ

ಅದೇ! ಅದೇ ಮುಖ! ಆ ಮುಖ ಮಾತ್ರ ತೋರಿಸ್ಬೇಡ ಅಂತ ಗೇಟ್ ಹತ್ರಾನೇ ಹೇಳ್ದೆ ತಾನೆ? ಬೈಯೋದಿದ್ರೆ ಬೈ. ತೊಲಗು ಅನ್ನೋದಿದ್ರೆ ತೊಲಗು ಅನ್ನು. ಹಿಂಗೆ ತಣ್ಣಗೆ ಅವರೆಕಾಯಿ ಸುಲೀತಾ ಕೂತ್ಕೊಂಡ್ರೆ ನನ್ನ ಮೈಯೆಲ್ಲ ಉರಿಯುತ್ತೆ ಗುರುಪಾದ.

ಇಲ್ಲ, ಕೂತ್ಕೊಳಲ್ಲ. ನಿಂತೇ ಮಾತಾಡ್ತೀನಿ. ಎರಡು ನಿಮಿಷದ ಮಾತು. ಮನೇಲಿ ಯಶವಂತಪುರ ಮಾರ್ಕೆಟ್‌ಗೆ ಹೋಗ್ತೀನಿ ಅಂತ ಹೇಳಿ, ಚೀಲ ಬೇರೆ ಹಿಡ್ಕೊಂಡು ಬಂದಿದೀನಿ ನೋಡು. ಹದಿಮೂರು ವರ್ಷ ಒಂದೇ ಬೆಂಚಿನ ಆ ಕಡೆ ನೀನು, ಈ ಕಡೆ ನಾನು ನಿಂತು ಕಬ್ಬಿಣ ಉಜ್ಜಿದೀವಿ. ಈಗ ನಿನ್ನ ಕ್ವಾರ್ಟರ್ಸ್‌ಗೆ ಬರೋಕೆ ನಾನು ಕಳ್ಳನ ಹಂಗೆ ಚೀಲ ಹಿಡ್ಕೊಂಡು ಬರ್ಬೇಕು. ಜಾಲಹಳ್ಳಿ ಪೂರ್ತಿ ನನ್ನೇ ನೋಡ್ತಿದೆ ಅನ್ನಿಸ್ತಿತ್ತು, ದಾರೀಲಿ.

ಅವ್ವಾ! ಹ್ಞಾ, ನಾನೇ, ಬೈರಣ್ಣ! ಚೆನ್ನಾಗಿದೀನಿ ಅವ್ವಾ... ಇಲ್ಲ, ಸೊರಗಿಲ್ಲ, ಅದು ನಿಮ್ಮ ಕಣ್ಣು! ಚಾ ಬೇಡ... ಅಯ್ಯೋ, ರೊಟ್ಟಿ ಯಾಕೆ, ತಿಂದ್ಕೊಂಡೇ ಬಂದೆ... ಸರಿ ಸರಿ, ಮಾಡಿ. ಶರಣವ್ವನ ಹತ್ರ ಬೇಡ ಅಂದು ಗೆದ್ದೋರು ಯಾರಿದಾರೆ ಕಲಬುರ್ಗಿ ಜಿಲ್ಲೇಲಿ? ನನ್ನ ಹೆತ್ತೋಳು ಹೋಗಿ ಒಂಬತ್ತು ವರ್ಷ ಆಯ್ತು. ಅವತ್ತಿಂದ ನಿಮ್ಮವ್ವನ್ನೇ ಅವ್ವ ಅಂತ ಕರ್ದಿದೀನಿ ನಾನು.

ಸರಿ, ವಿಷಯಕ್ಕೆ ಬರ್ತೀನಿ. ನಿನ್ನೆ ಶನಿವಾರ ನಿಂದು ಸೆಕೆಂಡ್ ಶಿಫ್ಟು, ನೀನಿರ್ಲಿಲ್ಲ. ನಾನು ಪ್ರಮೋಷನ್ ಸಿಕ್ಕಿ ಚಾರ್ಜ್‌ಹ್ಯಾಂಡ್ ಆದ ಮೇಲೆ ಮೊದಲನೇ ವಾರ ಅಲ್ವಾ, ಸೆಕ್ಷನ್‌ಗೆಲ್ಲ ಕೊಡೋಣ ಅಂತ ಮೈಸೂರ್ ಪಾಕ್ ತಗೊಂಡು ಹೋದೆ. ತುಪ್ಪದ್ದು ಕಣೋ, ಡಾಲ್ಡಾದ್ದಲ್ಲ. ಮೊದ್ಲು ಮೆಹಬೂಬ್ ಪಾಷಾ ಮುಂದೆ ಹಿಡಿದೆ. "ನಂಗೆ ಶುಗರ್ ಇದೆ ಬೈರಣ್ಣ" ಅಂದ. ಅವನಿಗೆ ಶುಗರಾ? ಟೀಗೆ ನಾಲ್ಕು ಚಮಚ ಹಾಕ್ಕೊಳ್ಳೋನು! ಪಕ್ಕದೋನ್ ಮುಂದೆ ಹಿಡಿದೆ, ಅವನಿಗೂ ಶುಗರು. ಅದರ ಪಕ್ಕದೋನಿಗೂ ಶುಗರು. ಹದಿನೆಂಟು ಜನಕ್ಕೂ ಒಂದೇ ದಿನ ಶುಗರ್ ಬಂದ್ಬಿಡ್ತು ಗುರುಪಾದ! ಡಬ್ಬ ಹಂಗೇ ಮುಚ್ಚಿ ಮನೆಗೆ ತಂದೆ.

ಯಾಕೆ ನಗ್ತೀಯಾ? ನಗು, ನಗು. ನಂಗೂ ಹೊರಗಿಂದ ನೋಡಿದ್ರೆ ನಗು ಬರೋ ವಿಷ್ಯಾನೇ. ಡ್ರಾಯಿಂಗ್ ಕೊಟ್ರೆ ಕೈಗೆ ಇಸ್ಕೊಳಲ್ಲ, ಬೆಂಚ್ ಮೇಲಿಡು ಅಂತಾರೆ. ಅತ್ಲಾಗೆ ಮುನಿಕೃಷ್ಣಮ್ಮ ನಲ್ಲಿ ಹತ್ರ ಹೋದ್ರೆ ಹೆಂಗಸರು ಮಾತು ನಿಲ್ಲಿಸ್ತಾರಂತೆ. ಮೊನ್ನೆ ಅವಳೇ ಕೇಳಿದ್ಲು: "ಊರೆಲ್ಲಾ ಇಂಗಂತಾ ಐತೆ, ನಿಜ ಏಳು, ನೀನೇನಾ ಬರ್ದಿದ್ದು?" ಕಟ್ಕೊಂಡ ಹೆಂಡ್ತಿ! ದೇವ್ರಾಣೆ ಇಲ್ಲ ಅಂದೆ. ಇನ್ನೇನನ್ಲಿ?

ಎಲ್ರದ್ದೂ ಒಂದೇ ಲೆಕ್ಕಾಚಾರ. ಗುರುಪಾದಪ್ಪ ಬೌದ್ಧ ಧರ್ಮಕ್ಕೆ ಸೇರಿದಾನೆ, ಅವನೀಗ ಎಸ್.ಸಿ. ಅಲ್ಲ, ರಿಸರ್ವ್ ಪೋಸ್ಟು ಅವನಿಗೆ ಕೊಡಂಗಿಲ್ಲ ಅಂತ ಆಫೀಸಿಗೆ ಒಂದು ಹೆಸರಿಲ್ಲದ ಅರ್ಜಿ ಬಂತು. ಸೀನಿಯಾರಿಟೀಲಿ ನೀನು ಮೊದಲು, ನಾನು ಎರಡನೇವನು. ನಿನ್ನ ಹೆಸರು ಹೊಡೆದ್ರು, ನನ್ನ ಹೆಸರು ಬಂತು. ಅಷ್ಟೇ ಸಾಕು ಜನಕ್ಕೆ. ಕಾಗೆ ಕೂರೋಕೂ ಟೊಂಗೆ ಮುರಿಯೋಕೂ ಸರಿಹೋಯ್ತು. ಕಾಗೆ ಏನ್ ಮಾಡುತ್ತೆ ಹೇಳು?

ಬೌದ್ಧ ಆದ್ರೆ ಎಸ್.ಸಿ. ಅಲ್ಲ ಅಂತ ಎಂಬತ್ತೆಂಟನೇ ಇಸವೀಲೂ ಇದೆಂಥ ಕಾನೂನೋ, ಅದು ಬೇರೆ ಮಾತು. ನೀನು ಬುದ್ಧನಿಗೆ ಕೈ ಮುಗಿದ ತಕ್ಷಣ ನಿಮ್ಮೂರೋರು ನಿಂಗೆ ಬಾವಿ ಬಿಟ್ಕೊಟ್ರಾ? ಹೋಟ್ಲಲ್ಲಿ ಬೇರೆ ಲೋಟ ಇಡೋದು ನಿಲ್ಲಿಸಿದ್ರಾ? ಊರಲ್ಲಿ ಜಾತಿ ಹೋಗ್ಲಿಲ್ಲ, ಫೈಲಲ್ಲಿ ಮಾತ್ರ ಹೋಯ್ತು. ನಿಂಗೆ ಅನ್ಯಾಯ ಆಗಿದೆ, ನಾನು ಇಲ್ಲ ಅಂತೀನಾ? ಆದ್ರೆ ನಂಗೆ ಆಗಿರೋದು ಏನು ಅಂತ ಒಂದು ಸಲ ಯೋಚ್ನೆ ಮಾಡಿದೀಯಾ?

ನಾನು ಕೇಳ್ಕೊಳ್ಳೋಕೆ ಬಂದಿರೋದು ಒಂದೇ ಒಂದು. ನಾಳೆ ನಿಂದೂ ಫಸ್ಟ್ ಶಿಫ್ಟು, ಹತ್ತು ಗಂಟೆ ಟೀ ಟೈಮು. ಎಲ್ರೂ ಇರ್ತಾರೆ. ನೀನು ಎದ್ದು ನಿಂತ್ಕೊಂಡು ಒಂದು ಮಾತು ಹೇಳ್ಬೇಕು. "ಬೈರಣ್ಣ ಬರ್ದಿಲ್ಲ." ಎರಡೇ ಪದ. ಭಾಷಣ ಬೇಡ, ನನ್ನ ಹೊಗಳೋದೂ ಬೇಡ. ಯಾರಿಗೆ ಅನ್ಯಾಯ ಆಯ್ತೋ ಅವನೇ ಬಾಯ್ಬಿಟ್ಟು ಹೇಳ್ದ ಮೇಲೆ ಇನ್ಯಾರು ತುಟಿ ಬಿಚ್ತಾರೆ? ಅವತ್ತಿಗೆ ಮುಗೀತು. ಪಾಷಾ ಶುಗರೂ ವಾಸಿಯಾಗುತ್ತೆ.

ಏನು? ಏನಾದ್ರೂ ಅನ್ನು. ಕಾಳು ನೋಡ್ಬೇಡ, ನನ್ನ ನೋಡು.

ಸರಿ ಬಿಡು. ಕೊಡು ಇಲ್ಲಿ, ನಾನೂ ಸುಲೀತೀನಿ. ಇಬ್ಬರು ಸುಲಿದ್ರೆ ಬೇಗ ಮುಗಿಯುತ್ತೆ. ಹ್ಞಾ, ಕೂತೇ ಬಿಟ್ಟೆ, ಅದಕ್ಕೇನೀಗ?... ಸೊಗಡು ಚೆನ್ನಾಗಿದೆ ಈ ಸಲ. ಹುಳಾನೂ ಇದೆ. ಹುಳ ಇದ್ದ ಕಾಯೇ ರುಚಿ ಅಂತಾರೆ. ಅದನ್ನ ಹಂಗೆ ಮೆಲ್ಲಗೆ ಎತ್ತಿ ಗಿಡದ ಬುಡಕ್ಕೆ ಬಿಡ್ತೀಯಲ್ಲ, ಮುಂಚೆ ಹೆಬ್ಬೆರಳಲ್ಲಿ ಅರೀತಿದ್ದೆ ನೀನು. ನಾನು ನೋಡಿದೀನಿ.

ಎಲ್ರೂ ನಿಂಗೆ ಮೋಸ ಆಯ್ತು ಅಂತಾರೆ. ಮೊದ್ಲು ಯಾರು ಯಾರಿಗೆ ಮಾಡಿದ್ದು? ಹೇಳು ನೋಡೋಣ! ಆ ಬೌದ್ಧ ಭಿಕ್ಷು, ಭಂತೆಯವರ ಹತ್ರ ನಿನ್ನ ಕರ್ಕೊಂಡು ಹೋಗಿದ್ದು ಯಾರು? ನಾನು. ನಮ್ಮೂರು ಅಲ್ಲಾಳಸಂದ್ರ ಕೆರೆ ಏರಿ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಬರ್ತಾರೆ, ಬಾರೋ ಅಂತ ಮೂರು ತಿಂಗಳು ಬೆನ್ನು ಹತ್ತಿದ್ದು ಯಾರು? ನೀನು ಏನಂದಿದ್ದೆ ನೆನಪಿದ್ಯಾ? "ನಮ್ಮವ್ವ ಏನಂತಾಳೋ ಏನೋ, ಮುಂದಿನ ವಾರ ನೋಡೋಣು." ಮುಂದಿನ ವಾರ, ಮುಂದಿನ ವಾರ! ಪುಸ್ತಕ ಓದಿ ಹೇಳಿದ್ದು ನಾನು. ಬುದ್ಧಂ ಶರಣಂ ಅಂತ ಮೂರು ಶರಣು ಬಾಯಿಪಾಠ ಮಾಡಿಸಿದ್ದು ನಾನು, ಲೇತ್ ಮೆಷಿನ್ ಸದ್ದಿನ ಮಧ್ಯೆ, ಕೂಗಿ ಕೂಗಿ. ಎಲ್ಲ ಬಿಟ್ಟು ಈ ಜಾತಿ ಅನ್ನೋ ಕೊಳಕು ಬಟ್ಟೆ ಬಿಚ್ಚಿ ಎಸೆಯೋಣ, ಇಬ್ಬರೂ ಒಂದೇ ದಿನ ಅಂತ ಮಾತು ಆಡಿದ್ದೂ ನಾನೇ.

ಆ ನಡೆಯೋದನ್ನ ಕಲಿಸಿದ್ರಲ್ಲ ಭಂತೆ... ಹೆಹೆ! ಅರ್ಧ ಫರ್ಲಾಂಗಿಗೆ ಒಂದು ಗಂಟೆ! ಕಾಲು ಎತ್ತಿದ್ದು ಗೊತ್ತಾಗ್ಬೇಕು, ಮುಂದಕ್ಕೆ ಹೋಗಿದ್ದು ಗೊತ್ತಾಗ್ಬೇಕು, ಊರಿದ್ದು ಗೊತ್ತಾಗ್ಬೇಕು. ಎಮ್ಮೆ ಮೇಯಿಸೋ ಹೆಂಗಸರು ಸೆರಗು ಬಾಯಿಗಿಟ್ಕೊಂಡು ನಗ್ತಿದ್ರು, ಈ ಗಂಡಸರಿಗೆ ಏನೋ ಗಾಳಿ ಬಡಿದೈತೆ ಅಂತ. ನೀನು ಒಂದು ದಿನ ಕೇಳಿದೆ, "ಭಂತೆ, ಅಂಜಿಕಿ ಆಗ್ತದ್ರಿ, ಅಂಜಿಕಿ ಹೋದ ಮ್ಯಾಲೆ ದೀಕ್ಷಾ ತಗೋತೀನ್ರಿ." ಅವರು ಏನಂದ್ರು? ಹೆದರಿಕೆ ಹೋಗ್ಲಿ ಅಂತ ಕಾಯ್ತಾ ಕೂತ್ರೆ ಕೂತೇ ಇರ್ತೀಯ, ಅದನ್ನೂ ಜೊತೆಗೆ ಕರ್ಕೊಂಡು ನಡಿ, ನಾಲ್ಕು ಹೆಜ್ಜೆ ಆದ್ಮೇಲೆ ಅದಕ್ಕೇ ಸುಸ್ತಾಗುತ್ತೆ ಅಂದ್ರು. ನಾನು ತಲೆ ಆಡಿಸ್ದೆ. ನಿಂಗೆ ಮತ್ತೆ ಬಿಡಿಸಿ ಹೇಳಿದ್ದೂ ನಾನೇ. ನಂಗೆ ಎಲ್ಲ ಅರ್ಥ ಆಗಿತ್ತು ಕಣೋ. ನಂಗೆ ಎಲ್ಲ ಗೊತ್ತಿತ್ತು.

ಹೋದ ವೈಶಾಖ ಹುಣ್ಣಿಮೆ. ತಣಿಸಂದ್ರದ ಆಚೆ ದ್ರಾಕ್ಷಿ ತೋಟ. ಒಂಬತ್ತು ಜನ ಬಂದಿದ್ರು ದೀಕ್ಷೆಗೆ, ನಮ್ಮ ಕಾರ್ಖಾನೆಯಿಂದ ನಾವಿಬ್ಬರೇ. ಹಿಂದಿನ ದಿನ ಮುನಿಕೃಷ್ಣಮ್ಮ ಗಲಾಟೆ ಮಾಡಿದ್ಲು ನಮ್ಮನೇಲಿ. "ಎಸ್.ಸಿ. ಸರ್ಟಿಫಿಕೇಟ್ ಓಗ್ಬಿಟ್ರೆ ಮಕ್ಕ್ಳ ಗತಿ ಏನು? ಬುದ್ಧ ಬಂದು ಸೀಟು ಕೊಡುಸ್ತಾನಾ?" ಅಂತ. ನಾನು ಅವಳಿಗೆ ಬೈದೆ. ಬೈದು ಬೆಳಿಗ್ಗೆ ಹೊರಟೆ. ಹೊರಡೋವಾಗ ಫ್ಯಾಕ್ಟರಿ ಬೂಟು ಹಾಕ್ಕೊಂಡೆ.

ಯಾಕೆ ಹಾಕ್ಕೊಂಡೆ? ನಂಗೇನ್ ಗೊತ್ತು? ಭಾನುವಾರ ಯಾರಾದ್ರೂ ಫ್ಯಾಕ್ಟರಿ ಬೂಟು ಹಾಕ್ಕೋತಾರಾ? ನೀನೂ ಕೇಳ್ದೆ, ಸೈಕಲ್ ಹತ್ತೋವಾಗ. ಚಪ್ಪಲಿ ಕಿತ್ತೋಗಿದೆ ಅಂದೆ. ಕಿತ್ತೋಗಿರ್ಲಿಲ್ಲ. ಬಾಗಿಲ ಹಿಂದೇನೇ ಇತ್ತು.

ಚಪ್ಪರದ ಹತ್ರ ಎಲ್ರೂ ಚಪ್ಪಲಿ ಬಿಟ್ಟು ಬಿಳಿ ಬಟ್ಟೆ ಹಾಸಿದ್ದರ ಮೇಲೆ ಹೋಗಿ ಕೂತ್ರು. ನಾನು ಲೇಸು ಬಿಚ್ತಾ ಕೂತೆ. ಎಂಟೆಂಟು ತೂತು ಒಂದೊಂದು ಬೂಟಿಗೆ. ಗಂಟು ಬಿತ್ತು. ಬಿಚ್ಚಿದಷ್ಟೂ ಬಿಗೀತು. ಭಂತೆ ಕರೆದ್ರು. ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ, ಕೈ ನಡುಗ್ತಿತ್ತು ನಿಂದು, ನಾನು ಕಣ್ಣಾರೆ ನೋಡಿದೆ. "ಬೈರಣ್ಣಾ, ನಾ ಮುಂದ ನಡೀತೀನಿ, ನೀ ಬಾ" ಅಂದೆ. ಅಂದು ಹೊರಟೇ ಹೋದೆ!

ಒಂದು ನಿಮಿಷ ಕಾಯೋಕೆ ಆಗ್ಲಿಲ್ವಾ ನಿಂಗೆ? ಒಂದು ನಿಮಿಷ! ಮೂರು ತಿಂಗಳು ನಾನು ನಿನಗೋಸ್ಕರ ಕಾದೆ, ಮುಂದಿನ ವಾರ ಮುಂದಿನ ವಾರ ಅನ್ನೋನಿಗೆ! ಬೂಟು ಬಿಚ್ಚೋ ಅಷ್ಟರಲ್ಲಿ ನೀನು ನನ್ನ ಬಿಟ್ಟು ನಡೆದುಬಿಟ್ಟೆ. ಅದು ಮೋಸ ಅಲ್ವಾ? ಕೈ ಹಿಡಿದು ನಡೆಸ್ದೋನನ್ನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗೋದು ಮೋಸ ಅಲ್ವಾ?

ನಾನು ಬಳ್ಳಿ ಕಂಬದ ಹಿಂದೆ ನಿಂತಿದ್ದೆ. ನಿನ್ನ ಬೆನ್ನು ಕಾಣಿಸ್ತಿತ್ತು. ಮೂರು ಶರಣು, ಐದು ಶೀಲ, ಒಂದೊಂದಾಗಿ ಹೇಳಿದ್ರಿ. ಒಂಬತ್ತಲ್ಲ, ಎಂಟು ಜನ. ನಿನ್ನ ದನಿ ಮಾತ್ರ ನಂಗೆ ಬೇರೆಯಾಗಿ ಕೇಳಿಸ್ತಿತ್ತು. ನಾನು ಕಲಿಸಿದ ಹಂಗೇ ಹೇಳ್ತಿದ್ದೆ, ಎಲ್ಲಿ ಉಸಿರು ತಗೋಬೇಕೋ ಅಲ್ಲೇ ತಗೊಂಡು. ಅಷ್ಟೊತ್ತಿಗೆ ಲೇಸು ಬಿಚ್ಚಿತ್ತು ಗುರುಪಾದ. ಬೂಟು ಕೈಯಲ್ಲೇ ಇತ್ತು. ಬರಬಹುದಾಗಿತ್ತು. ಬರ್ಲಿಲ್ಲ. ಮತ್ತೆ ಹಾಕ್ಕೊಂಡೆ.

ವಾಪಸ್ ಬರ್ತಾ ನಾನು ತುಳೀತಿದ್ದೆ, ನೀನು ಹಿಂದೆ ಕ್ಯಾರಿಯರ್ ಮೇಲೆ. ಯಾಕೆ ಬರ್ಲಿಲ್ಲ ಅಂತ ಕೇಳ್ಲಿಲ್ಲ ನೀನು. ಕೇಳಿದ್ರೆ ಹೇಳ್ಬಿಡ್ತಿದ್ದೆ, ಹೆದರಿಕೆ ಆಯ್ತು ಕಣೋ ಅಂತ. ಅವತ್ತೇ ಅತ್ತುಬಿಡ್ತಿದ್ದೆ. ಕೇಳ್ಲಿಲ್ಲ. ದೊಡ್ಡ ಮನುಷ್ಯ ಆಗ್ಬಿಟ್ಟಿದ್ದೆ, ಒಂದು ಗಂಟೆಯಲ್ಲಿ! ಹೆಬ್ಬಾಳ ಕೆರೆ ಹತ್ರ ನೀನು ಇಳಿದು "ಮುಂದಿನ ವಾರ ಬರ್ತೀಯಲ್ಲ?" ಅಂದೆ. ಮುಂದಿನ ವಾರ! ನಿನ್ನ ಹಳೇ ಮಾತನ್ನ ಈಗ ನಂಗೆ!

ಇಲ್ಲ, ಚುಚ್ಚೋಕೆ ಅಂದೆ ಅಂತ ಅಲ್ಲ... ನೀನು ಹಂಗೆ ಅನ್ನೋನಲ್ಲ, ಗೊತ್ತು. ಆದ್ರೂ ಚುಚ್ಚಿತು. ಏನ್ ಮಾಡ್ಲಿ?

ಆಮೇಲೆ ಆಫೀಸಿಗೆ ಕರೆಸಿದ್ರಲ್ಲ ನಿನ್ನ, ಅರ್ಜಿ ಬಂದ ಮೇಲೆ. ಅಲ್ಲಿ ನಡೆದಿದ್ದೂ ನಂಗೆ ಗೊತ್ತು, ಗುಮಾಸ್ತೆ ಹೇಳ್ದ. ಆ ಆಫೀಸರ್ ಒಳ್ಳೇ ಮನುಷ್ಯ. "ಇದು ಸುಳ್ಳು ಅಂತ ಒಂದು ಸಾಲು ಬರ್ದುಕೊಡ್ರಿ ಗುರುಪಾದಪ್ಪ, ಹರಿದು ಬುಟ್ಟಿಗೆ ಹಾಕ್ತೀನಿ" ಅಂದ್ರಂತೆ. ಬಾಗಿಲು ತೆಗೆದು ಕೊಟ್ಟಿದ್ರು ನಿಂಗೆ! ನೀನೇನಂದೆ? "ಖರೇ ಅದರೀ ಸಾಹೇಬ್ರ." ಎರಡು ಸಲ ಕೇಳಿದ್ರಂತೆ. ಎರಡು ಸಲಾನೂ ಖರೇ ಅದರೀ!

ಯಾಕೋ? ಯಾಕೋ ಹಂಗಂದೆ? ಒಂದು "ಇಲ್ರೀ" ಅಂದಿದ್ರೆ ಏನಾಗ್ತಿತ್ತು? ಬುದ್ಧ ಬಂದು ಕೋಲು ತಗೋತಿದ್ನಾ? ಇಲ್ಲ ಅನ್ನು, ಪೋಸ್ಟು ತಗೋ, ಮನೆಗೆ ಬಂದು ಕಣ್ಮುಚ್ಚಿ ಕೂತ್ಕೋ. ಎಲ್ರೂ ಹಂಗೇ ತಾನೆ ಬದುಕೋದು? ನೀನು ಹಂಗಂತೀಯ ಅಂತಾನೇ...

ಏನು? ಹಂಗಂತೀಯ ಅಂತ ಎಲ್ರೂ ಅಂದ್ಕೊಂಡಿದ್ರು ಅಂದೆ. ಎಲ್ರೂ. ಸೆಕ್ಷನ್‌ನೋರು. ಯಾಕೆ ಕೈ ನಿಲ್ಲಿಸ್ದೆ? ಸುಲಿ, ಸುಲಿ.

ಯಾರ ಮೇಲಾದ್ರೂ ಅನುಮಾನ ಇದ್ಯಾ ಅಂತಾನೂ ಕೇಳಿದ್ರಂತೆ. ನೀನು ಸುಮ್ನೆ ನಿಂತಿದ್ಯಂತೆ. ಅದೇ ನೋಡು ನಂಗೆ ಹೊಟ್ಟೆ ಉರಿದಿದ್ದು! ಅವತ್ತು "ಬೈರಣ್ಣ ಅಂತೂ ಅಲ್ರೀ" ಅಂದಿದ್ರೆ ಇವತ್ತು ಈ ಗತಿ ಬರ್ತಿತ್ತಾ ನಂಗೆ? ಅವತ್ತೂ ಸುಮ್ನೆ. ಪಾಷಾ ಕೇಳ್ದಾಗಲೂ ಸುಮ್ನೆ. ಈಗ್ಲೂ ಸುಮ್ನೆ! ಜನ ಏನಂದ್ಕೋತಾರೆ? ಇವನು ಬಾಯಿ ಬಿಡ್ತಿಲ್ಲ ಅಂದ್ರೆ ಏನೋ ಇದೆ ಅಂತ ತಾನೆ? ನೀನು ಮಾತಾಡಿ ಅಲ್ಲ, ಮಾತಾಡದೇ ನನ್ನ ಮುಗಿಸ್ತಿದೀಯ ಕಣೋ.

ಆಯ್ತು. ನಾಳೆ ಬೇಡ. ಹದಿನೆಂಟು ಜನರ ಮುಂದೆ ನಿಂಗೆ ಮುಜುಗರ, ಒಪ್ಕೋತೀನಿ. ಈಗ ಹೇಳು. ಇಲ್ಲಿ, ನನ್ನೊಬ್ಬನ ಮುಂದೆ. ಯಾರೂ ಇಲ್ಲ. ನಂಗೋಸ್ಕರ. ನಾನು ಅದನ್ನ ಕೇಳಿಸ್ಕೊಂಡು ಚೀಲ ಎತ್ಕೊಂಡು ಹೋಗ್ಬಿಡ್ತೀನಿ, ಮತ್ತೆ ಬರಲ್ಲ. ಬೈರಣ್ಣ ಬರ್ದಿಲ್ಲ. ಹೇಳು.

ಹೇಳೋ.

ಕಷ್ಟ ಏನಿದೆ ಅದರಲ್ಲಿ? ನನ್ನ ಜೊತೆ ಹೇಳು, ಮುಂಚೆ ನಾನು ಹೇಳಿಕೊಡ್ತಿದ್ನಲ್ಲ ಹಂಗೆ. ಬೈರಣ್ಣ... ಅನ್ನು. ಬೈರಣ್ಣ...

ಬಾಯಿ ತೆಗೆದೆ, ಮುಚ್ಚಿದೆ. ನಾನು ನೋಡ್ದೆ. ತುಟಿ ಅಲ್ಲಾಡ್ತು. ಬರ್ತಿಲ್ಲ, ಅಲ್ವಾ? ನನ್ನ ಮೇಲೆ ಕೋಪ ಇದ್ರೆ ಬರ್ತಿತ್ತು. ಕೋಪ ಇಲ್ಲ ನಿಂಗೆ, ಕಣ್ಣಲ್ಲಿ ಒಂದು ಚೂರೂ ಇಲ್ಲ. ಮತ್ಯಾಕೆ...

ಓ.

ಸುಳ್ಳಾಡಲ್ಲ ಅಂತ ಮಾತು ಕೊಟ್ಟೆಯಲ್ಲ ನೀನು ಅವತ್ತು. ಐದು ಶೀಲದಲ್ಲಿ ಅದೂ ಒಂದು.

ಅದಕ್ಕೇನಾ? ಹೇಳೋಕೆ ಇಷ್ಟ ಇಲ್ಲ ಅಂತ ಅಲ್ಲ... ಹೇಳಿದ್ರೆ ಅದು ಸುಳ್ಳಾಗುತ್ತೆ ಅಂತ. ಅದಕ್ಕೇನಾ, ಇಷ್ಟು ದಿನ?

ಯಾವತ್ತಿಂದ ಗೊತ್ತು ನಿಂಗೆ? ಆಫೀಸಲ್ಲಿ ನಿಂತಿದ್ಯಲ್ಲ, ಅವತ್ತೇನಾ? ಅವರು ಅರ್ಜಿ ತೋರಿಸಿದ್ರಾ? ತೋರಿಸಿರ್ತಾರೆ. ಎಡಗೈಯಲ್ಲಿ ಬರ್ದೆ ಕಣೋ ನಾನು. ಎಡಗೈಯಲ್ಲಿ, ಸೊಟ್ಟಪಟ್ಟ, ನಮ್ಮ ಹುಡುಗಿ ಸ್ಲೇಟಲ್ಲಿ ಬರೀತಾಳಲ್ಲ ಹಂಗೆ. ಆದ್ರೂ ಗೊತ್ತಾಯ್ತಾ? ಗೊತ್ತಾಗದೇ ಏನು. ತೋಟದ ಹೆಸರು, ದಿನ, ಎಷ್ಟು ಹೊತ್ತಿಗೆ, ಎಲ್ಲ ಇತ್ತು ಅದರಲ್ಲಿ. ಫ್ಯಾಕ್ಟರೀಲಿ ನಮ್ಮಿಬ್ಬರನ್ನ ಬಿಟ್ಟು ಇನ್ಯಾರಿಗೆ ಗೊತ್ತಿತ್ತು?

ಪೋಸ್ಟಿಗೆ ಆಸೆಪಟ್ಟು ಬರೀಲಿಲ್ಲ ಗುರುಪಾದ. ಇಲ್ಲ... ಆಸೇನೂ ಇತ್ತು. ಇರ್ಲಿಲ್ಲ ಅಂದ್ರೆ ಅದೂ ಸುಳ್ಳು. ಆದ್ರೆ ಅದಕ್ಕಲ್ಲ. ನೀನು ನಡೆದುಬಿಟ್ಟೆಯಲ್ಲ, ಕೈ ನಡುಗಿಸ್ಕೊಂಡೇ ನಡೆದುಬಿಟ್ಟೆಯಲ್ಲ, ಅದು ನನ್ನ ಕೈಲಿ ತಡಿಯೋಕೆ ಆಗ್ಲಿಲ್ಲ. ಆಫೀಸಲ್ಲಿ ಕೇಳಿದ್ರೆ ಇವನು ಇಲ್ಲ ಅಂದೇ ಅಂತಾನೆ ಅಂದ್ಕೊಂಡೆ. ಯಾರಾದ್ರೂ ಅಂತಾರೆ, ಹೊಟ್ಟೆಪಾಡು. ಆಗ ನೀನೂ ನನ್ನ ಹಂಗೇ ಆಗ್ತಿದ್ದೆ. ಇಬ್ಬರೂ ಮತ್ತೆ ಒಂದೇ ಬೆಂಚಿಗೆ ಬರ್ತಿದ್ವಿ. ಪೋಸ್ಟು ನಿಂಗೇ ಸಿಗ್ತಿತ್ತು, ನಾನು ಖುಷಿಯಾಗೇ ಇರ್ತಿದ್ದೆ, ನಂಬ್ತೀಯಾ? ನೀನು ಖರೇ ಅದರೀ ಅಂದ್ಬಿಟ್ಟೆ.

ಬೈಯೋ. ಒಂದು ಏಟು ಹೊಡಿ. ಈ ಕಾಳಿನ ಬುಟ್ಟಿ ತೆಗೆದು ಮುಖಕ್ಕೆ ಎಸಿ. ಹಿಂಗೆ ನನ್ನ ಮಂಡಿ ಮೇಲೆ ಕೈ ಇಡ್ಬೇಡ. ತೆಗಿ ಕೈನ.

ಹ್ಞಾ ಅವ್ವಾ? ಬಂದೆ... ಎಷ್ಟು? ನಾಲ್ಕು ಬೇಡ ಅವ್ವಾ... ಏನಂದ್ರಿ? ಚಾರ್ಜ್‌ಹ್ಯಾಂಡ್ ಆಗಿದ್ದಕ್ಕಾ? ಶೇಂಗಾ ಹೋಳಿಗೆ? ನಂಗೋಸ್ಕರಾನಾ?

ಏನೋ ಇದು ಗುರುಪಾದ? ನಂಗೆ ಪೋಸ್ಟು ಸಿಕ್ಕಿದ್ದಕ್ಕೆ ನಿಮ್ಮವ್ವ ಹೋಳಿಗೆ ಮಾಡ್ತಿದ್ದಾರಾ? ನಿಂಗೆ ಸಿಗಬೇಕಾದ್ದು ಅಂತ ಅವರಿಗೆ ಗೊತ್ತಿಲ್ವಾ? ಏನ್ ಹೇಳಿದೀಯಾ? ಬೈರಣ್ಣಂಗೆ ಆಯ್ತು ಅಂತ, ಅಷ್ಟೇನಾ? ಅವ್ವಂಗೂ ಹೇಳಿಲ್ವಾ ನೀನು? ಈ ಮನೇಲಿ ನಿಂಗಿರೋ ಒಬ್ಬಳೇ ಮುದುಕಿಗೂ ಹೇಳಿಲ್ವಾ?

ಬೇಡ, ಏಳ್ಬೇಡ. ನೀನು ಕೂತ್ಕೋ. ನೀನು ಹೇಳೋ ಹಂಗಿಲ್ಲ, ನಾನು ಹೇಳ್ದೆ ಹೋಗೋ ಹಂಗಿಲ್ಲ. ಅಬ್ಬಾ, ಆ ಬಾಗಿಲು ಎಷ್ಟು, ಐದು ಹೆಜ್ಜೆ ಇರ್ಬೇಕು...

ಅವ್ವಾ... ಒಲೆ ಆರಿಸಿ ಒಂಚೂರು. ಇಲ್ಲ, ತಟ್ಟೆ ಹಾಕ್ಬೇಡಿ. ತಿನ್ನೋದು ಆಮೇಲೆ, ಆಮೇಲೂ ನೀವು ಕೊಟ್ರೆ. ಅವ್ವಾ, ನಿಮ್ಮ ಮಗನ ಮೇಲೆ ಆಫೀಸಿಗೆ ಒಂದು ಕಾಗದ ಬಂದಿತ್ತು. ಅದನ್ನ ಬರ್ದಿದ್ದು ನಾನು.